ಹದಿನೈದನೆಯ ಕತ್ತರಿ

ಸಿದ್ಧನಕಟ್ಟೆಯ ಭಟ್ಟಿ ಓಣಿಯಲ್ಲಿ ಆ ವರ್ಷ ಸಾರಿಗೆ ಎರಡು ಸಲ ಉಪ್ಪು ಬೀಳುವುದೋ, ಒಂದು ಸಲವೂ ಬೀಳದಿರುವುದೋ ಮಾಮೂಲಾಗಿಬಿಟ್ಟಿತ್ತು. ಅದಕ್ಕಾಗಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಬೈದೆವೋ, ಬೈಯಬೇಕು ಅಂದುಕೊಂಡೆವೋ ಎನ್ನುವುದೇ ನೆಟ್ಟಗೆ ತಿಳಿಯದ ಮೇಲೆ ಜಗಳ ಎಲ್ಲಿಂದ ಶುರುವಾಗಬೇಕು?

ಇದನ್ನು ಮರೆವು ಅನ್ನುವಂತಿರಲಿಲ್ಲ. ಮರೆತರೆ ಮನಸ್ಸಿನಲ್ಲಿ ಆ ಜಾಗ ಖಾಲಿ ಕಾಣುತ್ತದೆ. ಇಲ್ಲಿ ಅದು ಭರ್ತಿಯಾಗಿಯೇ ಇರುತ್ತಿತ್ತು. ಮಾಡಿದ ಕೆಲಸ ಹೇಗೆ ನೆನಪಾಗುತ್ತದೋ, ಮಾಡಬೇಕು ಅಂದುಕೊಂಡ ಕೆಲಸವೂ ಹಾಗೆಯೇ, ಬೆರಳಿಗೆ ತಾಗಿದ ಉಪ್ಪಿನ ತರಿಯ ಸಮೇತ ನೆನಪಾಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವಳಿ ಮಕ್ಕಳ ಹಾಗೆ. ಹೆತ್ತವಳಿಗೂ ಗುರುತು ಹತ್ತದು.

ಕಾರಣ ಆಕಾಶದಲ್ಲಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ವಿದ್ಯುತ್ತು ಈಗ ತಂತಿಯಲ್ಲಿ ಬರುತ್ತಿರಲಿಲ್ಲ. ಊರನ್ನು ಸುತ್ತುವ ರಸ್ತೆಯ ಒಂದು ಕಂಬದಿಂದ ಎದುರು ದಿಕ್ಕಿನ ಇನ್ನೊಂದು ಕಂಬಕ್ಕೆ, ಮಾಳಿಗೆಗಳಿಂದ ಒಂದಾಳು ಮೇಲೆ, ಕಣ್ಣಿಗೆ ಕಾಣದ ಕಿರಣವಾಗಿ ಹಾಯ್ದು ಮುಂದಿನ ಹಳ್ಳಿಗಳಿಗೆ ಹೋಗುತ್ತಿತ್ತು. ದಾರ ಹಿಡಿದು ಎಳೆದಷ್ಟು ನೇರ. ಬಾಗುವುದು ಅದಕ್ಕೆ ಗೊತ್ತಿಲ್ಲ. ಜನ ಅದನ್ನು ಗೆರೆ ಅಂದರು. ಒಂದು ಗೆರೆಯ ಕೆಳಗೆ ನಿಂತರೆ ಏನೂ ಆಗುವುದಿಲ್ಲ, ಗುಬ್ಬಿಗಳು ಅದರೊಳಗೇ ಹಾರಿಹೋಗುತ್ತವೆ. ಎರಡು ಗೆರೆ ಒಂದನ್ನೊಂದು ದಾಟುವ ಕಡೆ ಮಾತ್ರ, ಅದರ ಕೆಳಗಿನ ಹತ್ತಾರು ಮನೆಗಳಷ್ಟು ಜಾಗದಲ್ಲಿ ಈ ಕಲಸುಮೇಲೋಗರ. ಅಂಥ ಜಾಗಕ್ಕೆ ಕತ್ತರಿ ಎಂದು ಹೆಸರಾಯಿತು. ನಮ್ಮ ಮೆದುಳಿನಲ್ಲಿ ಮಾಡಿದ್ದಕ್ಕೆ ಒಂದು ಗುರುತು, ಅಂದುಕೊಂಡದ್ದಕ್ಕೆ ಇನ್ನೊಂದು ಗುರುತು ಹಾಕಿಡುವ ಏರ್ಪಾಟೊಂದಿದೆಯಂತೆ. ಎರಡು ಕಿರಣಗಳ ಮಿಡಿತ ಕೂಡಿದಾಗ ಆ ಗುರುತು ಅಳಿಸಿಹೋಗುತ್ತದಂತೆ. ಬಲ್ಲವರು ಹೇಳಿದ್ದು ಇಷ್ಟು. ಕತ್ತರಿಯಿಂದ ಆಚೆ ಬಂದು ಒಂದಷ್ಟು ಹೊತ್ತು ಕೂತರೆ ತಲೆ ತಿಳಿಯಾಗುತ್ತಿತ್ತು. ಆದರೆ ಒಳಗೆ ನಡೆದದ್ದು ನಿಜಕ್ಕೂ ನಡೆಯಿತೇ ಎನ್ನುವುದು ಆಗಲೂ ಬಗೆಹರಿಯುತ್ತಿರಲಿಲ್ಲ.

ನೀಲಾಂಬಿಕೆ ಇದ್ದದ್ದು ಅಣ್ಣನ ಮನೆಯಲ್ಲಿ, ಆ ಮನೆ ಅಂಥದೊಂದು ಕತ್ತರಿಯ ಒಳಗೆ, ಅಂಚಿನಲ್ಲೇ ಇತ್ತು. ಅಣ್ಣ ಮರುಳಸಿದ್ದಪ್ಪನದು ಮಂಡಕ್ಕಿ ಭಟ್ಟಿ. ಒಲೆಯ ಮೇಲೆ ಮರಳು ಕೆಂಪಗೆ ಕಾಯುತ್ತಿರಬೇಕು, ಹದ ಮಾಡಿದ ಅಕ್ಕಿ ಅದಕ್ಕೆ ಬಿದ್ದ ಕ್ಷಣದಲ್ಲೇ ಅರಳಬೇಕು, ಅರಳಿದ್ದೇ ತಡ ಜರಡಿಗೆ ಬರಬೇಕು. ಇಷ್ಟು ಕೆಲಸವನ್ನು ಅಂದುಕೊಂಡೆನೋ ಮಾಡಿದೆನೋ ಎಂಬ ಅನುಮಾನ ಇಟ್ಟುಕೊಂಡು ಮಾಡುವುದೇ ಕಷ್ಟ. ಅದರ ಮೇಲೆ ಅವನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು. ಬಿಟ್ಟರೆ ಕೇಡು, ಎರಡು ಸಲ ಚುಚ್ಚಿಕೊಂಡರೆ ಇನ್ನೂ ಕೇಡು.

ಜನ ಏನೇನೋ ಉಪಾಯ ಹೂಡಿದರು. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು. ಮಾಡುವ ಮೊದಲೇ ‘ಮಾಡಿದೆ’ ಎಂದು ಬರೆದಿರುತ್ತಿದ್ದರು. ಕ್ಯಾಮೆರಾ ಕೂರಿಸಿದರು, ಅದನ್ನು ನೋಡಿದೆವೋ ನೋಡಬೇಕು ಅಂದುಕೊಂಡೆವೋ ಎಂದು ಗೊತ್ತಾಗದೆ ಕಿತ್ತುಹಾಕಿದರು. ಶಾಲೆಯ ಮಕ್ಕಳು ಮಾತ್ರ ಈ ಏರ್ಪಾಟಿನಿಂದ ಸಂತೋಷವಾಗಿದ್ದವರು. ಕೊನೆಗೆ ಉಳಿದದ್ದು ಸಾಕ್ಷಿ ಮನೆ. ಕತ್ತರಿಯ ಅಂಚಿನಿಂದ ಆಚೆಗಿರುವ ಒಂದು ಮನೆಯವರು ಒಳಗಿನ ಒಂದು ಮನೆಗೆ ಸಾಕ್ಷಿ. ಮುಖ್ಯವಾದ ಕೆಲಸವನ್ನು ಜಗಲಿಗೆ ಬಂದು ಅವರ ಕಣ್ಣೆದುರು ಮಾಡಬೇಕು. ಅವರು ಕಣ್ಣಾರೆ ಕಂಡು ‘ಆಯ್ತು’ ಅಂದರೆ ಆಯಿತು. ಮರುಳಸಿದ್ದಪ್ಪನ ಮನೆಗೆ ಸಾಕ್ಷಿ ಎದುರು ಸಾಲಿನ ಖೈರುನ್ನಿಸಾ. ಅವನು ಅಂಗಿ ಎತ್ತಿ ಸೂಜಿ ಹಿಡಿದು ಜಗಲಿಯಲ್ಲಿ ನಿಂತರೆ ಆಕೆ ಅಕ್ಕಿ ಆರಿಸುತ್ತ ಕೂತಲ್ಲಿಂದಲೇ, ‘ಹೊಟ್ಟೆ ಒಳಗೆ ಎಳ್ಕೊಳ್ಳೋ ಸಿದ್ದಣ್ಣ, ಓಣಿಯೆಲ್ಲಾ ನೋಡ್ತೈತೆ’ ಅನ್ನುತ್ತಿದ್ದಳು, ಆಮೇಲೆ ‘ಆಯ್ತು’ ಅನ್ನುತ್ತಿದ್ದಳು. ಯಾರ ಮನೆಯಲ್ಲಿ ಯಾರು ಯಾವಾಗ ಹಲ್ಲುಜ್ಜಿದರು ಎಂಬುದು ಕೂಡ ಹೀಗೆ ಎದುರು ಮನೆಯ ಸ್ವತ್ತಾಯಿತು.

ನೀಲಾಂಬಿಕೆಗೆ ಇದು ನುಂಗಲಾರದ ಸಂಗತಿ. ಅವಳು ಮೊದಲಿಂದಲೂ ಹೇಳಬೇಕು ಅಂದುಕೊಂಡದ್ದು ಹೆಚ್ಚು, ಹೇಳಿದ್ದು ಕಡಿಮೆ. ಕತ್ತರಿ ಬಂದ ಮೇಲೆ ಮನೆಯಲ್ಲಿ ಇಡೀ ದಿನ ಬಾಯಿ ಬಿಡದಿದ್ದರೂ, ಮಲಗುವ ಹೊತ್ತಿಗೆ ತುಂಬಾ ಮಾತಾಡಿಬಿಟ್ಟೆ ಎನ್ನುವ ದಣಿವಾಗುತ್ತಿತ್ತು.

ಅವಳ ಕೆಲಸ ಗೆರೆ ಕಚೇರಿಯ ನಿಯಂತ್ರಣ ಕೋಣೆಯಲ್ಲಿ. ಹಾಗಾಗಿ ಈ ಗೊಂದಲದ ಬಾಲ ಅವಳ ಕೈಯಲ್ಲೇ ಇತ್ತು.

ಮೊದಲು ಊರಿನ ಮೇಲೆ ಇದ್ದದ್ದು ನಾಲ್ಕೇ ಗೆರೆ. ನಾಲ್ಕು ಗೆರೆ ಒಂದನ್ನೊಂದು ದಾಟಿದರೆ ಆರು ಕತ್ತರಿ. ಆ ಆರನ್ನೂ ಶಮನ ಮಾಡಲು ತಣಿಗೆರೆ ಎಂಬ ಇನ್ನೊಂದು ಬಗೆಯ ಕಿರಣ ಬಂತು. ಅದು ವಿದ್ಯುತ್ತು ಹೊರುವುದಿಲ್ಲ. ಯಾವ ಕತ್ತರಿಯ ಮೂಲಕ ಹಾಯ್ದು ಹೋಗುತ್ತದೋ ಆ ಕತ್ತರಿ ತಣ್ಣಗಾಗುತ್ತದೆ, ಅಷ್ಟೆ. ಇದೂ ನೇರವಾಗಿಯೇ ಹೋಗಬೇಕು. ವಿದ್ಯುತ್ತಿನ ಗೆರೆಯ ಮೇಲೆಯೇ ಇದನ್ನು ಹಾಸುವಂತಿಲ್ಲ, ಹಾಸಿದರೆ ವಿದ್ಯುತ್ತೇ ಸತ್ತುಹೋಗುತ್ತದೆ. ಓರೆಯಾಗಿ ಹಾಯಿಸಿ, ಒಂದೊಂದು ತಣಿಗೆರೆಗೆ ಎರಡೆರಡು ಕತ್ತರಿ ಸಿಗುವಂತೆ ಮಾಡಿದಾಗ ಮೂರರಲ್ಲಿ ಆರೂ ಮುಗಿದಿದ್ದವು. ವರ್ಷಗಟ್ಟಲೆ ಊರು ನೆಮ್ಮದಿಯಾಗಿತ್ತು. ಆಮೇಲೆ ಮೇಲ್ಬಯಲಿನ ಹಳ್ಳಿಗಳಿಗೆ ನೀರೆತ್ತಲು ಇನ್ನೆರಡು ಗೆರೆ ಬೇಕಾದವು. ಬೇಡ ಅನ್ನುವವರು ಯಾರು? ಗೆರೆ ಬಂದವು, ಆ ಹಳ್ಳಿಗಳಿಗೆ ನೀರು ಬಂತು, ಸಿದ್ಧನಕಟ್ಟೆಯ ಕತ್ತರಿಗಳು ಆರಿದ್ದದ್ದು ಹದಿನೈದಾದವು. ಹೊಸದಾಗಿ ಹುಟ್ಟಿದ ಒಂಬತ್ತರಲ್ಲಿ ಭಟ್ಟಿ ಓಣಿಯದೂ ಒಂದು.

ಮೇಲಿನ ಕಚೇರಿಯವರು ಲೆಕ್ಕ ಹಾಕಿ ಇನ್ನೆರಡು ತಣಿಗೆರೆಯ ಯಂತ್ರ ಕಳಿಸಿದರು. ಒಟ್ಟು ಐದು. ಅವರ ಲೆಕ್ಕದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಒಂದು ನೇರ ಗೆರೆ ಇನ್ನೊಂದು ನೇರ ಗೆರೆಯನ್ನು ಒಂದೇ ಕಡೆ ದಾಟಬಲ್ಲದು. ಒಂದೊಂದು ಕತ್ತರಿಯೂ ಎರಡು ಗೆರೆಗಳನ್ನು ಬಳಸಿಕೊಳ್ಳುತ್ತದೆ. ಆರು ಗೆರೆಗಳಿದ್ದಾಗ ಒಂದು ತಣಿಗೆರೆಗೆ ಹೆಚ್ಚೆಂದರೆ ಮೂರು ಕತ್ತರಿ ದಕ್ಕಬಹುದು. ಐದು ಮೂರಲೆ ಹದಿನೈದು. ಸರಿಹೋಯಿತಲ್ಲ. ಕಂಬಗಳನ್ನು ಸುತ್ತು ರಸ್ತೆಯಲ್ಲಿ ಎಲ್ಲಿಗೆ ಬೇಕಾದರೂ ಸರಿಸಿಕೊಳ್ಳಿ, ನಕ್ಷೆ ನೀವೇ ಮಾಡಿ ಎಂದು ಅಪ್ಪಣೆಯಾಯಿತು. ನಕ್ಷೆಯ ಕೆಲಸ ನೀಲಾಂಬಿಕೆಯ ಪಾಲಿಗೆ ಬಂತು.

ಅವಳು ಬರೆದಳು. ಹದಿನಾಲ್ಕು ಕತ್ತರಿಗಳು ಮುಚ್ಚಿಹೋದವು, ಒಂದು ಉಳಿಯಿತು. ಗೆರೆಗಳನ್ನು ಚೂರು ವಾಲಿಸಿ ಇನ್ನೊಂದು ಬರೆದಳು. ಹದಿನಾಲ್ಕು. ಉಳಿದದ್ದನ್ನು ಹಿಡಿಯಲು ಹೋದರೆ ಇನ್ನೆಲ್ಲೋ ಒಂದು ಜಾರಿಕೊಳ್ಳುತ್ತಿತ್ತು, ಗಿಡ್ಡ ಕಂಬಳಿ ಹೊದ್ದವರ ಕಾಲಿನ ಹಾಗೆ.

ಮುಖ್ಯ ಇಂಜಿನಿಯರ್ ತೋಂಟದಾರ್ಯ ಒಳ್ಳೆಯ ಮನುಷ್ಯ. ಗದರುವವರಲ್ಲ, ನಗಿಸಿ ಕೊಲ್ಲುವವರು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕನ್ನಡಕ ಹಣೆಗೇರಿಸಿ ಕೇಳಿದರು.

‘ಹದಿನೈದನ್ನ ಮೂರರಿಂದ ಭಾಗಿಸಿದ್ರೆ ಎಷ್ಟಮ್ಮ?’

‘ಐದು ಸರ್.’

‘ಶೇಷ?’

‘ಇಲ್ಲ ಸರ್.’

‘ಮತ್ತೆ ಈ ಒಂದು ಎಲ್ಲಿಂದ ಬಂತು? ತವರು ಮನೆಯಿಂದ ತಂದ್ರಾ?’

ಅವಳು ನೆಲ ನೋಡಿದಳು. ಗಣಕವೂ ಹದಿನಾಲ್ಕೇ ಕೊಡುತ್ತಿದೆ ಎಂದು ಹೇಳುವಷ್ಟರಲ್ಲಿ ಅವರೇ ಮುಂದುವರಿಸಿ, ನಾಲ್ಕು ಗೆರೆಗೆ ಮೂರು ತಣಿಗೆರೆಯಲ್ಲಿ ಮುಗಿಯಿತು, ಆರಕ್ಕೆ ಐದರಲ್ಲಿ ಯಾಕೆ ಮುಗಿಯಬಾರದು ಅಂದರು. ಆಮೇಲೆ ಏನೋ ಹೊಳೆದವರಂತೆ, ಇದನ್ನು ಎಲ್ಲಿ ಕೂತು ಬರೆಯುತ್ತೀರಿ ಎಂದು ಕೇಳಿದರು. ಹಗಲೆಲ್ಲ ಪರದೆ ಕಾಯುವ ಕೆಲಸ. ನಕ್ಷೆ ಸಂಜೆ ಮನೆಯಲ್ಲಿ. ಗಣಕಕ್ಕೆ ಕೊಡುವ ಸೂಚನೆ ಬರೆದದ್ದೂ ಅಲ್ಲೇ.

‘ಕತ್ತರಿ ಕೆಳಗೆ ಕೂತು,’ ಅಂದರು ತೋಂಟದಾರ್ಯ, ಈ ಸಲ ನಗದೆ. ‘ನೀವು ಎಷ್ಟು ಬರೆದಿದೀರಿ, ಎಷ್ಟು ಬರೀಬೇಕು ಅಂದ್ಕೊಂಡಿದೀರಿ ಅಂತ ನಿಮಗೇ ಗೊತ್ತಿಲ್ಲವಲ್ಲಮ್ಮ.’

ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ನಿಜ ತಾನೆ? ಒಂದು ಉಳಿಯುತ್ತಿರುವುದು ಗೆರೆಗಳ ಗುಣವೋ, ಅವಳ ತಲೆಯ ಗುಣವೋ? ಯಾವುದೋ ಒಂದು ಜೋಡಣೆಯನ್ನು ಪರೀಕ್ಷಿಸಿದೆ ಎಂದು ಅವಳು ಪಕ್ಕಕ್ಕಿಟ್ಟಿರಬಹುದು, ನಿಜಕ್ಕೂ ಅದನ್ನು ಪರೀಕ್ಷಿಸಬೇಕು ಅಂತಷ್ಟೇ ಅಂದುಕೊಂಡಿರಬಹುದು. ಬೇಕಾದ ನಕ್ಷೆ ಅದೇ ಆಗಿದ್ದರೆ? ಇದಕ್ಕಿಂತ ವಿಚಿತ್ರವೆಂದರೆ, ಒಂದು ಸಂಜೆ ಹದಿನೈದೂ ಮುಚ್ಚಿದ ನಕ್ಷೆ ಬರೆದೇಬಿಟ್ಟೆ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಕೊನೆಯ ಗೆರೆ ಎಳೆದಾಗ ಸ್ಕೇಲಿನ ಅಂಚಿಗೆ ಪೆನ್ಸಿಲ್ ತಾಗಿ ಆದ ಸದ್ದು, ಎದೆ ಹಗುರಾದದ್ದು, ಎಲ್ಲ ನೆನಪಿತ್ತು. ಬೆಳಿಗ್ಗೆ ಹಾಳೆಯ ಮೇಲೆ ನಾಲ್ಕೇ ತಣಿಗೆರೆ. ಐದನೆಯದು ಹಾಳೆಗೆ ಬಂದಿರಲೇ ಇಲ್ಲ.

ಆ ವಾರದಿಂದ ಅವಳು ಖೈರುನ್ನಿಸಾಳ ಪಡಸಾಲೆಯಲ್ಲಿ ಕೂತು ಬರೆಯತೊಡಗಿದಳು. ಅಲ್ಲಿ ತಲೆ ತಿಳಿಯಾಗಿರುತ್ತಿತ್ತು. ಬರೆದದ್ದು ಬರೆದದ್ದೇ ಎಂದು ಗೊತ್ತಾಗುತ್ತಿತ್ತು. ಒಂದೊಂದು ಜೋಡಣೆ ಮುಗಿದಾಗಲೂ ಅವಳು ಹಾಳೆ ಎತ್ತಿ ತೋರಿಸುವಳು, ಆಕೆ ಒಗ್ಗರಣೆ ಸೌಟು ಹಿಡಿದುಕೊಂಡೇ ಇಣುಕಿ, ಸುಮ್ಮನೆ ‘ಆಯ್ತು’ ಅನ್ನುವಳು. ಹದಿನಾಲ್ಕು. ಇನ್ನೊಂದು. ಹದಿನಾಲ್ಕು. ಸೂಚನೆಗಳನ್ನು ಅಲ್ಲೇ ಕೂತು ಹೊಸದಾಗಿ ಬರೆದು ಗಣಕಕ್ಕೆ ಕೊಟ್ಟಳು. ಅದೂ ಹದಿನಾಲ್ಕರಲ್ಲೇ ನಿಂತಿತು. ಇದು ಆಗದ ಕೆಲಸ ಎಂದು ಅವಳ ಕೈಗೆ ಅನ್ನಿಸತೊಡಗಿತ್ತು. ಆದರೆ ಆಗುವುದಿಲ್ಲ ಎಂದು ತೋರಿಸುವ ದೃಢವಾದ ಕಾರಣ ಅವಳ ಬಳಿ ಇರಲಿಲ್ಲ. ನೂರು ಸಲ ಸಿಗಲಿಲ್ಲ ಅನ್ನುವುದು, ಇಲ್ಲವೇ ಇಲ್ಲ ಅನ್ನುವುದಕ್ಕೆ ಸಮವಲ್ಲ. ಭಾಗಾಕಾರ ಆಗುತ್ತದೆ ಅನ್ನುತ್ತದೆ, ಹಾಳೆ ಆಗುವುದಿಲ್ಲ ಅನ್ನುತ್ತದೆ. ಎರಡೂ ಸುಳ್ಳು ಹೇಳುವ ಪೈಕಿಯಲ್ಲ. ಅವಳು ಇಬ್ಬರು ಹಿರಿಯರ ಜಗಳದ ನಡುವೆ ನಿಂತ ಮಗುವಿನಂತೆ ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡುತ್ತ ಕೂತಿರುತ್ತಿದ್ದಳು.

ಅಷ್ಟರಲ್ಲಿ ಮನೆಯಲ್ಲಿ ಆಗಬಾರದ್ದು ಆಯಿತು.

ಖೈರುನ್ನಿಸಾ ಮಗಳ ಗಂಡನ ಮನೆಗೆ ಹೋಗಿದ್ದಳು. ಮಧ್ಯಾಹ್ನದ ಊಟಕ್ಕೆಂದು ಬಂದಿದ್ದ ನೀಲಾಂಬಿಕೆಯೇ ಅಣ್ಣನಿಗೆ ಸಾಕ್ಷಿ ನಿಂತಳು. ನಿಂತದ್ದು ಅದೇ ಜಗಲಿಯ ಮೇಲೆ, ಕತ್ತರಿಯೊಳಗೆ. ಅಣ್ಣ ಸೂಜಿ ಚುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಸೂಜಿ ಡಬ್ಬಿ ತೆಗೆದು ಅವಳ ಮುಖ ನೋಡಿದ. ‘ಆಯ್ತಣ್ಣ, ಹಾಕ್ಕೊಂಡಿದೀಯ’ ಎಂದು ಅವಳು ಹೇಳಿದಳು. ಹೇಳಿದ್ದು ಅವಳಿಗೆ ನೆನಪಿದೆ. ಅವನು ತಲೆಯಾಡಿಸಿದ್ದೂ ನೆನಪಿದೆ. ಆದರೆ ಅವನು ಎರಡನೆಯ ಸಲವೂ ಚುಚ್ಚಿಕೊಂಡ. ಊಟ ಮಾಡಿದೆ ಅಂದುಕೊಂಡು ಊಟವನ್ನೂ ಬಿಟ್ಟು ಭಟ್ಟಿಗೆ ಹೋದ.

ಕಾದ ಮರಳಿನ ಮುಂದೆ ನಿಂತವನ ಮೈಯೆಲ್ಲ ಬೆವೆತದ್ದು ಯಾರಿಗೂ ಹೊಸದಾಗಿ ಕಾಣಲಿಲ್ಲ. ಕೈ ನಡುಗಿ ಜರಡಿ ಜಾರಿದಾಗ ಅತ್ತಿಗೆ ಸರ್ವಮಂಗಳ ನೋಡಿದಳು. ಅವನು ಒಲೆಯ ಕಡೆಗೆ ವಾಲುತ್ತಿದ್ದ. ಅವಳು ರಟ್ಟೆ ಹಿಡಿದು ಹಿಂದಕ್ಕೆ ಎಳೆದು, ಬಾಯಿ ಬಿಡಿಸಿ ಬೆಲ್ಲ ತುರುಕಿ, ಮೇಲೆ ನೀರು ಹೊಯ್ದಳು. ಕಣ್ಣು ತಿರುಗಿಸಿದವನು ಮೆಲ್ಲಗೆ ಮನುಷ್ಯನಾದ. ಮುಂಗೈಯ ಚರ್ಮ ಒಂದು ಪಟ್ಟಿಯಷ್ಟು ಬೆಂದಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಸರ್ವಮಂಗಳ ನಾದಿನಿಯನ್ನು ಓಣಿಯಾಚೆ, ಖೈರುನ್ನಿಸಾಳ ಮನೆಯ ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ತಲೆ ತಿಳಿಯಾಗುವವರೆಗೆ ಸುಮ್ಮನಿದ್ದಳು. ಇದು ಒಳಗೆ ಆಡುವ ಮಾತಲ್ಲ ಎಂಬುದು ಅದರಲ್ಲೇ ಗೊತ್ತಾಯಿತು.

‘ಒಂದು ಉಳಿಯೋದೇ ಆದ್ರೆ ನಮ್ಮ ತಲೆ ಮೇಲೇ ಯಾಕೆ ಉಳೀಬೇಕು? ಗೆರೆ ನಿನ್ನ ಕೈಯಾಗೈತಲ್ಲ ನೀಲಾ. ಅತ್ಲಾಗೆ ತಳ್ಳು.’

‘ಅತ್ಲಾಗೂ ಜನ ಇದಾರೆ ಅತ್ತಿಗೆ.’

‘ಅವರಿಗೂ ಒಬ್ಬಳು ನಾದಿನಿ ಇದ್ರೆ ತಳ್ಳಿಕೊಳ್ಳಲಿ.’

ತಳ್ಳಬಹುದು ಅನ್ನುವುದು ನಿಜವಾಗಿತ್ತು. ನೀಲಾಂಬಿಕೆಗೆ ಈಚೆಗೆ ಸಿಕ್ಕ ಒಂದು ಜೋಡಣೆಯಲ್ಲಿ ಆರು ಗೆರೆಗಳನ್ನು ಕದಲಿಸಬೇಕಾಗಿಯೇ ಇರಲಿಲ್ಲ. ಐದು ತಣಿಗೆರೆಗಳನ್ನು ಬೇರೆ ಬೇರೆ ರೀತಿ ಹಾಯಿಸಿದರೆ ಹದಿನೈದರಲ್ಲಿ ಯಾವುದನ್ನು ಬೇಕಾದರೂ ಉಳಿಸಬಹುದಿತ್ತು. ಇಂಥದೇ ಉಳಿಯಬೇಕು ಎಂಬ ಹಟ ಗೆರೆಗಳಿಗೆ ಇರಲಿಲ್ಲ. ಯಾವುದಾದರೂ ಒಂದು ಉಳಿಯಲೇಬೇಕು ಎಂಬ ಹಟವಿತ್ತು. ಆ ಸಂಜೆ ಅವಳು ಹದಿನೈದು ಕಡೆಗೂ ನಡೆದು ಹೋಗಿ ನೋಡಿದಳು. ಒಂದರ ಕೆಳಗೆ ಹೆಣ್ಣುಮಕ್ಕಳ ಶಾಲೆ. ಒಂದರ ಕೆಳಗೆ ಹೆರಿಗೆ ಆಸ್ಪತ್ರೆ. ಕೆರೆಯ ಮೇಲೊಂದಿತ್ತು, ನೀರಿಗೇನು ಗೊಂದಲ ಅಂದುಕೊಂಡು ಹೋದರೆ ಅದು ಸರಿಯಾಗಿ ತೂಬಿನ ಮೇಲಿತ್ತು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಅಲ್ಲಿ ಕೂತು ಬೀಡಿ ಸೇದುತ್ತಿದ್ದ. ಇವನು ತೂಬು ಇಳಿಸಿದೆ ಅಂದುಕೊಂಡು ಮನೆಗೆ ಹೋದರೆ? ಎಲ್ಲಿ ಹೋದರೂ ಅಲ್ಲೊಬ್ಬ ಅಣ್ಣ ಕಾಣುತ್ತಿದ್ದ. ಮುಂಗೈಗೆ ಇನ್ನೂ ಪಟ್ಟಿ ಬಿದ್ದಿರದ ಅಣ್ಣ.

ಮರುದಿನ ಅವಳು ತೋಂಟದಾರ್ಯರ ಎದುರು ನಿಂತು ಒಂದೇ ಉಸಿರಿಗೆ ಹೇಳಿದಳು. ಕಚೇರಿ ಇದ್ದದ್ದು ತಣಿದ ಹಳೆಯ ಕತ್ತರಿಯ ಕೆಳಗೆ. ಹೇಳಿದ್ದು ಹೇಳಿದ್ದೇ ಆಗಿತ್ತು. ಐದರಲ್ಲಿ ಹದಿನೈದು ಆಗುವುದಿಲ್ಲ ಸರ್, ಯಾಕೆ ಎಂದು ನನಗೆ ಗೊತ್ತಿಲ್ಲ, ಆದರೆ ಆಗುವುದಿಲ್ಲ. ಒಂದು ಉಳಿಯುತ್ತದೆ. ಉಳಿದದ್ದನ್ನು ಯಾರೋ ಒಬ್ಬರ ತಲೆಗೆ ಕಟ್ಟುವ ಬದಲು ನಾಲೆ ನೀರಿನ ಹಾಗೆ ಸರದಿ ಮಾಡೋಣ. ಅಮಾವಾಸ್ಯೆಗೊಮ್ಮೆ ತಣಿಗೆರೆಗಳ ದಿಕ್ಕು ಬದಲಿಸಿದರೆ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಸರದಿ ಬರುವ ಮೊದಲೇ ಆ ಓಣಿಯವರು ಸಿದ್ಧವಾಗಿರುತ್ತಾರೆ, ಉಳಿದ ಓಣಿಯವರು ಸಾಕ್ಷಿ ನಿಲ್ಲುತ್ತಾರೆ.

ತೋಂಟದಾರ್ಯ ಒಂದು ಹಾಳೆ ತೆಗೆದುಕೊಂಡು ತಾವೇ ಗೆರೆ ಎಳೆಯತೊಡಗಿದರು. ಊಟಕ್ಕೂ ಏಳಲಿಲ್ಲ. ಸಂಜೆ ಹೊರಗೆ ಬಂದಾಗ ಅವರ ಬೆರಳಿಗೆಲ್ಲ ಪೆನ್ಸಿಲ್ ಮಸಿ. ‘ನನಗೂ ಹದಿನಾಲ್ಕೇ ಬಂತಮ್ಮ,’ ಅಂದರು. ‘ನಾನಂತೂ ಕತ್ತರಿ ಕೆಳಗೆ ಕೂತಿರಲಿಲ್ಲ.’

ಆರನೆಯ ಯಂತ್ರ ಕೊಡಿ ಎಂದು ಮೇಲಿನ ಕಚೇರಿಗೆ ಬರೆದರು. ಅಲ್ಲಿಂದ, ಹದಿನೈದನ್ನು ಮೂರರಿಂದ ಭಾಗಿಸಿ ನೋಡತಕ್ಕದ್ದು ಎಂದು ಉತ್ತರ ಬಂತು. ಮತ್ತೆ ಬರೆದರು. ಅದೇ ಭಾಗಾಕಾರ ಬಂತು.

ಕಚೇರಿಯ ಅಂಗಳದಲ್ಲಿ ಊರವರನ್ನು ಕೂಡಿಸಿ ವಿಷಯ ಹೇಳಿದಾಗ ಕೂಗಾಟವಾಯಿತು, ನಗುವೂ ಆಯಿತು. ಗಂಡ ಆ ತಿಂಗಳೆಲ್ಲ ಕೊಡಿಸಬೇಕು ಅಂದುಕೊಂಡದ್ದನ್ನೆಲ್ಲ ಕೊಡಿಸಿದೆ ಅಂತಾನಲ್ಲ ಎಂದು ಯಾರೋ ಹೆಂಗಸು ಕೇಳಿದಳಂತೆ. ಕಡೆಗೆ ಒಪ್ಪಿದರು. ಸುತ್ತು ರಸ್ತೆಯ ಗುಂಟ ಸರದಿ ಹೊರಟಿತು. ಮೊದಲು ತೂಬು, ನೀರಗಂಟಿಗೆ ಸಾಕ್ಷಿಯಾಗಿ ಗದ್ದೆಯವರು ಏರಿಯ ಮೇಲೆ ಛತ್ರಿ ಹಿಡಿದು ಕೂತರು. ಆಮೇಲೆ ಬಸ್ ನಿಲ್ದಾಣ, ಆಮೇಲೆ ಇನ್ನೊಂದು, ಮತ್ತೊಂದು. ಶಾಲೆಯ ಸರದಿ ಬೇಸಿಗೆ ರಜೆಗೆ, ಅಂದರೆ ಭಟ್ಟಿ ಓಣಿ ಮುಗಿದ ಮೇಲಿನ ಅಮಾವಾಸ್ಯೆಗೆ ಎಂದು ನಿಗದಿಯಾಗಿತ್ತು. ನಡುವಿನ ತಿಂಗಳುಗಳಲ್ಲಿ ಭಟ್ಟಿ ಓಣಿ ತಣ್ಣಗಿತ್ತು. ಸಾರಿಗೆ ಒಂದೇ ಸಲ ಉಪ್ಪು ಬೀಳುತ್ತಿತ್ತು. ಮರುಳಸಿದ್ದಪ್ಪ ಜಗಲಿಗೆ ಬರದೆ ಒಳಗೇ ಸೂಜಿ ಚುಚ್ಚಿಕೊಂಡು, ಚುಚ್ಚಿಕೊಂಡದ್ದನ್ನು ತಾನೇ ತಿಳಿದುಕೊಂಡು, ಗಂಡಸಿನ ಹಾಗೆ ಮೀಸೆ ತಿರುವುತ್ತ ಹೊರಗೆ ಬರುತ್ತಿದ್ದ. ಸರ್ವಮಂಗಳ ಇದಕ್ಕೆ ಒಗ್ಗಿಹೋದಳು. ಒಗ್ಗಿದ್ದೇ ಕಷ್ಟವಾಯಿತು.

ಕಚೇರಿಯ ಸರದಿ ಬಂತು. ಆ ತಿಂಗಳು ಎಲ್ಲರೂ ಅಂಗಳದ ಆಚೆ ಶಾಮಿಯಾನ ಹಾಕಿ ಅಲ್ಲಿಂದಲೇ ಕೆಲಸ ನಡೆಸಿದರು. ಕಡತಗಳ ಮಟ್ಟಿಗೆ ಯಾರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದು ತೋಂಟದಾರ್ಯ ತಮಾಷೆ ಮಾಡಿದರು. ಆದರೆ ತಣಿಗೆರೆ ಬದಲಿಸುವ ಹಿಡಿ ನಿಯಂತ್ರಣ ಕೋಣೆಯ ಒಳಗೇ ಇತ್ತು. ಅದನ್ನು ಒಮ್ಮೆ ಎಳೆದರೆ ಕತ್ತರಿ ಸರದಿಯ ಮುಂದಿನ ಜಾಗಕ್ಕೆ ಹೋಗುತ್ತದೆ. ಈ ಸಲ ಹೋಗಬೇಕಾದದ್ದು ಭಟ್ಟಿ ಓಣಿಗೆ.

ಓಣಿ ಸಿದ್ಧವಾಗಿತ್ತು. ಸೂಜಿ ಡಬ್ಬಿ ಖೈರುನ್ನಿಸಾಳ ಕಪಾಟು ಸೇರಿತ್ತು. ಅಲ್ಲಿಗೇ ಹೋಗಿ ಚುಚ್ಚಿಸಿಕೊಂಡು ಬರುವುದು ಎಂದಾಗಿತ್ತು. ಒಲೆಯ ಬಳಿ ನಿಲ್ಲಲು ಕೆರೆ ಏರಿಯ ಕಡೆಯಿಂದ ಇಬ್ಬರು ಬರುವವರಿದ್ದರು. ಆದರೂ ಅಮಾವಾಸ್ಯೆಯ ಹಿಂದಿನ ದಿನ ನೀಲಾಂಬಿಕೆಗೆ ಊಟ ಸೇರಲಿಲ್ಲ. ಹಿಡಿ ಎರಡು ಸಲ ಎಳೆದರೆ ಓಣಿಯನ್ನು ಹಾರಿಸಿ ಕತ್ತರಿ ಶಾಲೆಯ ಮೇಲೆ ಕೂರುತ್ತದೆ. ಕೈ ತಪ್ಪಿತು ಅಂದರೆ ಯಾರೂ ಕೇಳುವುದಿಲ್ಲ. ಈ ಯೋಚನೆ ತನಗೆ ಬಂದಿದೆ ಎನ್ನುವುದಕ್ಕಿಂತ, ಇದನ್ನು ಹೊತ್ತುಕೊಂಡು ಆ ಕೋಣೆಯೊಳಗೆ ಹೋಗಬೇಕಲ್ಲ ಎನ್ನುವುದು ಅವಳನ್ನು ಹೆದರಿಸಿತು. ಅಲ್ಲಿ ಅಂದುಕೊಂಡದ್ದೂ ಮಾಡಿದ್ದೂ ಒಂದೇ.

ಬೆಳಿಗ್ಗೆ ಅವಳು ಒಳಗೆ ಹೋದಳು. ತೋಂಟದಾರ್ಯ ಕಿಟಕಿಯ ಹೊರಗೆ, ಕತ್ತರಿಯ ಅಂಚಿನಾಚೆ ನಿಂತು ಸಾಕ್ಷಿಯಾಗಿ ನೋಡುತ್ತಿದ್ದರು. ಅವಳು ಹಿಡಿಯ ಮೇಲೆ ಕೈಯಿಟ್ಟಳು. ಆಗ ಗೇಟಿನ ಕಡೆಯಿಂದ ಹೆಂಗಸಿನ ದನಿ ಕೇಳಿತು.

ಅವಳು ಹೊರಗೆ ಬಂದಾಗ ಸರ್ವಮಂಗಳ ಅಂಗಳದಲ್ಲಿ ನಿಂತಿದ್ದಳು. ನಮ್ಮ ಓಣಿಯನ್ನು ಈ ಸಲ ಬಿಡಿ, ಇನ್ನೊಂದು ಸುತ್ತಿಗೆ ನೋಡೋಣ ಎಂದು ಕೇಳಲು ಬಂದಿದ್ದಳು. ಕೈ ಮುಗಿದಿದ್ದಳು. ತೋಂಟದಾರ್ಯ ಅವಳನ್ನು ಸಮಾಧಾನ ಮಾಡಲು ತಿರುಗಿದ್ದರು. ಕಿಟಕಿಗೆ ಬೆನ್ನು ಹಾಕಿದ್ದರು.

‘ಎಳೆದ್ರೇನಮ್ಮ?’ ಎಂದು ಕೇಳಿದರು ಅವರು.

ಎಳೆದದ್ದು ಅವಳಿಗೆ ನೆನಪಿತ್ತು. ಹಿಡಿಯ ತಣ್ಣನೆಯ ಕಬ್ಬಿಣ, ಒಳಗೆಲ್ಲೋ ಠಕ್ಕೆಂದ ಸದ್ದು. ಒಂದೇ ಸಲ. ಎರಡಲ್ಲ. ಆದರೆ ಐದನೆಯ ತಣಿಗೆರೆ ಎಳೆದಾಗಿನ ಪೆನ್ಸಿಲ್ ಸದ್ದೂ ಹೀಗೇ ನೆನಪಿತ್ತಲ್ಲ.

‘ಗೊತ್ತಿಲ್ಲ ಸರ್. ನೀವು ನೋಡಲಿಲ್ವಾ?’

ಅವರು ನೋಡಿರಲಿಲ್ಲ. ಪರದೆ ನೋಡಿ ಬರುತ್ತೇನೆ ಎಂದು ತಾವೇ ಒಳಗೆ ನುಗ್ಗಿದರು. ಹಿಡಿ ಎಳೆದಿದ್ದರೂ ಆ ಕೋಣೆಯ ಮಬ್ಬು ಇಳಿಯಲು ಹೊತ್ತು ಬೇಕು. ಹೊರಗೆ ಬಂದು ತಲೆ ಕೆರೆದುಕೊಂಡು, ಭಟ್ಟಿ ಓಣಿ ಅಂತ ತೋರಿಸ್ತಿತ್ತು ಅನ್ಸುತ್ತೆ, ಅಥವಾ ತೋರಿಸ್ತಿರಬೇಕು ಅಂತ ನಾನೇ ಅಂದ್ಕೊಂಡ್ನೋ ಏನೋ ಅಂದರು. ಇನ್ನೊಮ್ಮೆ ಎಳೆಯೋಣ ಅನ್ನುವಂತಿಲ್ಲ. ಮೊದಲೇ ಎಳೆದಿದ್ದರೆ, ಇನ್ನೊಂದೆಳೆತಕ್ಕೆ ಅದು ಹೋಗಿ ಬೀಳುವುದು ಪಾಠ ನಡೆಯುತ್ತಿರುವ ಶಾಲೆಯ ಮೇಲೆ, ಒಬ್ಬ ಸಾಕ್ಷಿಯೂ ನಿಂತಿರದ ಕಡೆಗೆ.

ಸರ್ವಮಂಗಳ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ನಾದಿನಿಯ ಹತ್ತಿರ ಬಂದು ಮೆಲ್ಲಗೆ, ‘ಎಳೆದಿಲ್ಲ ಅಂತ್ಲೇ ಇಟ್ಕೋ. ಇವತ್ತೊಂದಿನ ಬಿಡು ನೀಲಾ’ ಅಂದಳು.

ನೀಲಾಂಬಿಕೆಗೆ ಇನ್ನೊಂದು ವಿಷಯ ನಿಧಾನವಾಗಿ ಹೊಳೆಯುತ್ತಿತ್ತು. ಒಳಗಿದ್ದಾಗ ಕಬ್ಬಿಣದ ತಂಪು ಒಂದೇ ಸಲ ತಾಗಿತ್ತು, ಅದೂ ಓಣಿಯ ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡು. ಮಾಡಿದಳೋ ಇಲ್ಲವೋ, ಒಂದೇ ಸಲ ಎಳೆಯಬೇಕು ಅಂತಂತೂ ಅವಳು ಅಂದುಕೊಂಡಿದ್ದಳು. ಶಾಲೆಯನ್ನು ಅಂದುಕೊಂಡಿರಲಿಲ್ಲ. ಅಷ್ಟು ಗಟ್ಟಿ. ಇನ್ನುಳಿದದ್ದು ಗಟ್ಟಿಯಾಗಲು ಆಚೆಯಿಂದ ಯಾರಾದರೂ ಹೇಳಬೇಕಿತ್ತು.

ಅವಳ ಫೋನು ಬಡಿದುಕೊಂಡಿತು. ಅಣ್ಣ. ಅವಳು ಕಿವಿಗಿಟ್ಟುಕೊಂಡಳು. ಮರುಳಸಿದ್ದಪ್ಪ, ಪರೀಕ್ಷೆಯಲ್ಲಿ ಉತ್ತರ ತಿಳಿಯದೆ ನಿಂತ ಹುಡುಗನ ದನಿಯಲ್ಲಿ ಕೇಳಿದ.

‘ನೀಲಾ, ನಾನೀಗ ನಿನಗೆ ಫೋನ್ ಮಾಡಿದೀನೋ, ಮಾಡ್ಬೇಕು ಅಂದ್ಕೊಂಡಿದೀನೋ?’

ಅವಳಿಗೆ ಅಳು ಬಂತು, ಅದರ ಬೆನ್ನಿಗೇ ಎದೆಯಿಂದ ಕಲ್ಲಿಳಿಯಿತು. ಯಾವುದು ಮೊದಲು ಯಾವುದು ಆಮೇಲೆ ಎಂದು ಅವಳು ವಿಂಗಡಿಸಲು ಹೋಗಲಿಲ್ಲ. ಅತ್ತಿಗೆಯ ಕಡೆ ತಿರುಗಿ, ಅವಳಿಗೂ ತೋಂಟದಾರ್ಯರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

‘ಮಾಡಿದೀಯಣ್ಣ. ನಾನೂ ಮಾಡಿದೀನಿ.’

ಸರ್ವಮಂಗಳ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡ ಒಬ್ಬನೇ ಇದ್ದಾನೆಂದು ಓಣಿಯ ಕಡೆ ಬಿರಬಿರನೆ ನಡೆದಳು.